ಗುಮ್ಮಟದ ಕಂಬ ಬಿಚ್ಚಿದ ದಿನ

ನನ್ನ ತಂಗಿ ಶುಭಾಂಗಿ ಆರ್ಕಿಟೆಕ್ಟ್. ಹಾಗೆಂದು ಬೋರ್ಡು ಹಾಕಿಕೊಳ್ಳಬೇಕಾದರೆ ವರ್ಷಗಟ್ಟಲೆ ಓದಿದರೆ ಸಾಲದು, ಲೈಸೆನ್ಸು ಬೇಕು. ಲೈಸೆನ್ಸು ಸಿಕ್ಕರೂ ಮುಗಿಯಲಿಲ್ಲ, ಅದನ್ನು ಸಾಕಬೇಕು. ನವೀಕರಣದ ಶುಲ್ಕ, ತರಬೇತಿಗೆಂದು ಪುಣೆಗೋ ಬೆಳಗಾವಿಗೋ ಓಡಾಟ, ನಕ್ಷೆ ಬಿಡಿಸುವ ಸಾಫ್ಟ್‌ವೇರಿನ ಬಾಡಿಗೆ, ರಾಯಬಾಗದಲ್ಲಿ ಯಾರೂ ಹತ್ತಿ ಬಾರದ ಮಹಡಿಯ ಮೇಲೊಂದು ಆಫೀಸು. ಹಾಲು ಕೊಡದ ಎಮ್ಮೆಗೆ ವರ್ಷವಿಡೀ ಮೇವು ಹಾಕಿದ ಹಾಗೆ ಎಂದು ನಾನು ಮನೆಯಲ್ಲಿ ಆಡಿಕೊಳ್ಳುತ್ತಿದ್ದೆ. ನಮ್ಮ ಕಡೆ ಮನೆ ಕಟ್ಟಿಸುವವರು ಎಂಜಿನಿಯರ್ ಹತ್ತಿರ ಹೋಗುತ್ತಾರೆ, ಇಲ್ಲವೇ ನೇರ ಇಟ್ಟಿಗೆ ಕಟ್ಟುವ ಗೌಂಡಿಯ ಹತ್ತಿರ. ಆರ್ಕಿಟೆಕ್ಟ್ ಎಂದರೆ ಗೋಡೆಗೆ ಬಣ್ಣ ಆರಿಸುವವಳು ಎಂದುಕೊಂಡವರೇ ಹೆಚ್ಚು.

ಆ ಮೇವು ಬರುತ್ತಿದ್ದುದು ನನ್ನ ಪಗಾರದಿಂದ. ನಾನು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವವನು. ಕೊನೆಗೆ ನಾನೇ ಓಡಾಡಿ ನಿಪ್ಪಾಣಿಯ ಎಂಜಿನಿಯರ್ ಒಬ್ಬರ ಹತ್ತಿರ ಅವಳಿಗೊಂದು ನೌಕರಿ ಗೊತ್ತುಮಾಡಿದೆ. ನಕ್ಷೆ ಅವಳು ಬಿಡಿಸಬೇಕು, ಸಹಿ ಅವರದು. ಲೈಸೆನ್ಸಿನ ಗೊಡವೆಯೇ ಇಲ್ಲ.

ಅವಳು ಜಗಳ ತೆಗೆಯುತ್ತಾಳೆಂದು ಸಿದ್ಧನಾಗಿಯೇ ಕೂತಿದ್ದೆ. ತೆಗೆಯಲಿಲ್ಲ.

"ಆತು ದಾದಾ, ಈ ಸಲ ರಿನ್ಯೂ ಮಾಡಸೂದಿಲ್ಲ," ಎಂದಳು. "ಅಲಖನೂರದ್ದೊಂದು ಮುಗಿಸಿ ನಿಪ್ಪಾಣಿಗೆ ಹೋಗ್ತೀನಿ. ನೀನೂ ಬಾ, ಅವ್ವನ್ನೂ ಕರಕೊಂಡ ಬಾ. ಗುಮ್ಮಟದ ಕಂಬ ಬಿಚ್ಚೂದೈತಿ."

ಅಲಖನೂರದಲ್ಲಿ ನಮ್ಮ ಸಮಾಜದವರು ಕಟ್ಟಿಸುತ್ತಿದ್ದ ಬುದ್ಧ ವಿಹಾರ ಅದು. ನಕ್ಷೆ ಶುಭಾಂಗಿಯದು. ಕಬ್ಬಿನ ಹೊಲಗಳ ನಡುವೆ ಕೆಂಪು ಇಟ್ಟಿಗೆಯ ದುಂಡು ಗೋಡೆ, ಮೇಲೆ ಇಟ್ಟಿಗೆಯದೇ ಗುಮ್ಮಟ. ಒಳಗೆ ಇಣುಕಿದರೆ ಆಸರೆಗೆ ನಿಲ್ಲಿಸಿದ ಕಂಬಗಳು, ಹಲಗೆಗಳು ಬಿಟ್ಟು ಏನೂ ಕಾಣದು. ಇಷ್ಟು ದಿನ ಗುಮ್ಮಟ ಅವುಗಳ ಮೇಲೆ ಕೂತಿತ್ತು. ಇನ್ನು ತಾನೇ ನಿಲ್ಲಬೇಕು.

ಗೌಂಡಿ ಮಲಕಾರಿ ತನ್ನ ಇಬ್ಬರು ಆಳುಗಳನ್ನು ಬಿಟ್ಟು ಎಲ್ಲರನ್ನೂ ಹೊರಗೆ ಕಳಿಸಿದ. ಶುಭಾಂಗಿ ಮಾತ್ರ ನಟ್ಟನಡುವೆ ಹೋಗಿ ನಿಂತಳು.

"ಹೊರಗ ಬಾ," ಎಂದೆ.

"ಸಹಿ ನಂದು ದಾದಾ. ಅವರು ಒಳಗ ನಿಂತು ಕಂಬ ಬಿಚ್ಚೂದು, ನಾ ಹೊರಗ ನಿಂತು ನೋಡೂದೇನು?"

ಅವ್ವನಾದರೂ ಬೈದು ಕರೆಯಲಿ ಎಂದು ತಿರುಗಿದೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮಲಕಾರಿ ನಡುವಿನ ಕಂಬದ ಬುಡಕ್ಕೆ ಕೂತು ಬೆಣೆಯನ್ನು ಮೆಲ್ಲಗೆ ಬಡಿದು ಸಡಿಲಿಸಿದ. ಆಮೇಲೆ ಪಕ್ಕದ್ದು, ಅದರಾಚೆಯದು. ಮೇಲೆಲ್ಲೋ ಕಟಕ್ ಎಂದಿತು. ಸುಣ್ಣದ ಪುಡಿ ಶುಭಾಂಗಿಯ ತಲೆಯ ಮೇಲೆ ಉದುರಿತು. ಮಲಕಾರಿಯ ಸುತ್ತಿಗೆ ನಿಂತಿತು.

ಅವಳು ಕತ್ತೆತ್ತಿ ನೋಡುತ್ತಲೇ ಇದ್ದಳು. "ಇಟ್ಟಂಗಿ ಒಂದಕ್ಕೊಂದು ಕೂತ್ವು, ಮಲಕಾರಿ ಕಾಕಾ. ಅಂಜಬ್ಯಾಡ್ರಿ, ಮುಂದಿಂದು ಬಿಚ್ಚರಿ," ಎಂದಳು. ದನಿ ಗಟ್ಟಿಯಾಗಿತ್ತು. ಆದರೆ ಓಢಣಿಯ ತುದಿಯನ್ನು ಅವಳು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದುದು ನನಗೆ ಬಾಗಿಲಿನಿಂದಲೇ ಕಂಡಿತು.

ಕಂಬಗಳು ಒಂದೊಂದಾಗಿ ಹೊರಬಂದವು, ಹಲಗೆಗಳು ಇಳಿದವು. ನೆತ್ತಿಯ ದುಂಡು ಕಿಂಡಿಯಿಂದ ಬೆಳಕು ಧುಮುಕಿ ನೆಲಕ್ಕೆ ಬಿತ್ತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ತಲೆಯ ಮೇಲೆ ಇಟ್ಟಿಗೆಯ ಬಳೆಗಳು, ಒಂದರೊಳಗೊಂದು ಕಿರಿದಾಗುತ್ತ ಆಕಾಶದವರೆಗೆ. ಕೆಳಗೆ ಒಂದು ಕಡ್ಡಿಯ ಆಸರೆಯೂ ಇಲ್ಲ. ದಿನಾ ಟನ್ನುಗಟ್ಟಲೆ ತೂಗುವ ನನಗೆ ಭಾರವೆಂದರೆ ಕೆಳಗೆ ಜಗ್ಗುವುದು ಎಂದಷ್ಟೇ ಗೊತ್ತಿತ್ತು. ಇಲ್ಲಿ ಅದೇ ಭಾರ ಒಂದನ್ನೊಂದು ಒತ್ತಿ ಹಿಡಿದು ಮೇಲೆಯೇ ನಿಂತಿತ್ತು. ಇವಳು ನನ್ನ ತಂಗಿಯೇ ಎಂದು ಅವಳ ಮುಖವನ್ನೇ ನೋಡಿದೆ.

ಅವ್ವ ಬಂದು ಕತ್ತೆತ್ತಿ ಬಹಳ ಹೊತ್ತು ನಿಂತಳು. "ಇದನ್ನ ನೀ ಮಾಡಿದೇನ ಬೇ?" ಎಂದಳು.

ಅಷ್ಟರಲ್ಲಿ ನನಗೆ ಫೋನು ಬಂತು. ನಿಪ್ಪಾಣಿಯ ಎಂಜಿನಿಯರ್. ನಾಳೆ ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ಕೇಳಿದರು.

"ಆಕಿ ಬರೂದಿಲ್ರಿ ಸರ್," ಎಂದು ಪಿಸುಗುಟ್ಟಿದೆ. "ಆಕೀದು ಲೈಸೆನ್ಸ್ ಐತಿ. ಅದನ್ನ ಬಿಡೂದಿಲ್ಲ."

ಗುಮ್ಮಟ ಆ ಮಾತನ್ನು ಎತ್ತಿಕೊಂಡು, ನನ್ನದಕ್ಕಿಂತ ದೊಡ್ಡ ದನಿಯಲ್ಲಿ ಸುತ್ತಲೂ ಹೇಳಿತು. ಬಾಗಿಲಲ್ಲಿದ್ದ ಜನ ತಿರುಗಿ ನೋಡಿದರು. ಅಷ್ಟು ಹೊತ್ತು ಕದಲದೆ ನಿಂತಿದ್ದ ಶುಭಾಂಗಿ ಕುಸಿದು ನೆಲಕ್ಕೆ ಕೂತಳು. ಕಣ್ಣೊರೆಸಿಕೊಳ್ಳುತ್ತ, "ದಾದಾ, ವರ್ಷಾ ವರ್ಷಾ ಖರ್ಚು?" ಎಂದಳು.

ನಾನೂ ಅವಳ ಪಕ್ಕ ಕೂತೆ. "ಅದನ್ನ ಹೊರಗ ಹೋಗಿ ಮಾತಾಡೂಣು," ಎಂದೆ. "ಇಲ್ಲಿ ಎಲ್ಲಾರಿಗೂ ಕೇಳಸ್ತೈತಿ."