ಮೂರೂರ ನೀರಿನ ಸರಾಸರಿ

ಕೂಡಿ ಕೊಂಡರೆ ದರ ಇಳಿಯುತ್ತದೆ ಎಂಬ ಮಾತನ್ನು ಅಮರೇಶ್ವರಿ ಒಪ್ಪಿದ್ದಳು. ಹಿಂದಿನ ವರ್ಷ ಮುಕ್ಕುಂದ, ಮಸ್ಕಿ, ಗುರುಗುಂಟಾದ ಮೂರು ಸರ್ಕಾರಿ ಶಾಲೆಗಳು ಒಟ್ಟಾಗಿ ಬೆಂಚು ಕೊಂಡಾಗ ಅದು ನಿಜವೂ ಆಗಿತ್ತು. ಆದ್ದರಿಂದಲೇ ಗುರುಗುಂಟಾ ಶಾಲಾ ಸಮಿತಿಯ ಅಧ್ಯಕ್ಷೆಯಾದ ಆಕೆ, ನೀರು ಶುದ್ಧಮಾಡುವ ಯಂತ್ರದ ಖರೀದಿಗೆ ಸಹಿ ಹಾಕಲೆಂದು ಕುರಿಗಳನ್ನು ಅತ್ತೆಗೆ ಒಪ್ಪಿಸಿ ಮಸ್ಕಿಗೆ ಬಂದಿದ್ದಳು.

ಮಸ್ಕಿ ಸಮಿತಿಯ ಅಧ್ಯಕ್ಷ ವೀರೇಂದ್ರನೇ ಖರೀದಿಯ ಮುಖ್ಯಸ್ಥ. ಗೊಬ್ಬರದ ಅಂಗಡಿಯವನು, ಮಾತು ಮೃದು. ನೀರು ಪರೀಕ್ಷೆಯ ವರದಿಯನ್ನು ಆತ ಓದಿದ.

"ಫ್ಲೋರೈಡ್ ಒಂದು ಪಾಯಿಂಟ್ ಮೂರು. ಒಂದೂವರಿ ತನಕ ನಡೀತದ. ಅಂದ್ರ ಫ್ಲೋರೈಡ್ ತಗಿಯೋ ಮಷಿನ್ ಬ್ಯಾಡ, ಕೆಸರು ಸೋಸೋದು ಸಾಕು. ಮೂರೂ ಶಾಲಿಗೆ ಒಂದ ಮಾಡೆಲ್, ಐದು ವರ್ಷ ರಿಪೇರಿ ಕಂಪನಿದು."

"ಒಂದು ಪಾಯಿಂಟ್ ಮೂರು ಯಾವೂರ ನೀರ್ರಿ?" ಎಂದಳು ಅಮರೇಶ್ವರಿ.

"ಮೂರೂರಿಂದೂ. ಸರಾಸರಿ."

"ಬಿಡಿಸಿ ಹೇಳ್ರಿ."

ವೀರೇಂದ್ರ ಪುಟ ಮಗುಚಿದ. ಮುಕ್ಕುಂದದ ಕಾಲುವೆ ನೀರು ಸೊನ್ನೆ ಪಾಯಿಂಟ್ ಮೂರು. ಮಸ್ಕಿಯದು ಸೊನ್ನೆ ಪಾಯಿಂಟ್ ಒಂಬತ್ತು. ಗುರುಗುಂಟಾದ ಬೋರಿನದು ಎರಡು ಪಾಯಿಂಟ್ ಏಳು.

ಕೂಡಿಸಿ ಮೂರರಿಂದ ಭಾಗಿಸಿದರೆ ಉತ್ತರ ಸರಿಯಾಗಿಯೇ ಬರುತ್ತಿತ್ತು. ಆ ಸರಿಯುತ್ತರವೇ ಅಮರೇಶ್ವರಿಯ ಮೈ ಉರಿಸಿತು. ಅಂಥ ನೀರು ಮೂರೂರಿನ ಯಾವ ನಲ್ಲಿಯಲ್ಲೂ ಬರುತ್ತಿರಲಿಲ್ಲ.

"ನಮ್ಮ ಹುಡುಗ್ರು ಮುಕ್ಕುಂದದ ಕೆನಾಲಿಗೆ ಹೋಗಿ ನೀರು ಕುಡೀತಾವೇನ್ರಿ ಸಾವ್ಕಾರ್ರ? ನನ್ನ ಮಗ ನಗಬೇಕಂದ್ರ ಬಾಯಿಗೆ ಕೈ ಅಡ್ಡ ಇಡ್ತಾನ, ಬೋರಿನ ನೀರಿಗೆ ಹಲ್ಲು ಅಷ್ಟು ಕಂದಾಗ್ಯಾವ. ಮಗಳೂ ಈ ವರ್ಷ ಅದ ಶಾಲಿಗೆ, ಒಂದನೇತ್ತಕ್ಕ ಬಂದಾಳ."

"ಈ ಸಲ ಸಹಿ ಹಾಕ್ರಿ. ಮುಂದಿನ ವರ್ಷ ನಿಮಗ ಬ್ಯಾರೆ ನೋಡೂಣು. ನೀವು ಬಿಟ್ರ ಎರಡು ಮಷಿನ್ನಿಗೆ ಈ ರೇಟು ಇಲ್ಲ ಅಂದಾರ ಕಂಪನಿಯವ್ರು. ಇವತ್ತ ಕಡೇ ದಿನ."

ಮುಕ್ಕುಂದದ ಅಧ್ಯಕ್ಷ ಗದ್ದೆಪ್ಪ ಇಷ್ಟು ಹೊತ್ತು ಚಹಾ ಕುಡಿಯುತ್ತ ಕೂತಿದ್ದ. ಈಗ ಸಿಡಿದ.

"ಹಾಕಬೇ ತಂಗಿ! ನಮ್ಮ ನೀರಾಗ ಬರೇ ರಾಡಿ. ಹೋದ ತಿಂಗಳ ನಾಕು ಹುಡುಗ್ರು ವಾಂತಿ-ಭೇದಿ ಅಂತ ಮಲಗಿದ್ವು. ನಿನ್ನೊಬ್ಬಾಕಿ ಹಟಕ್ಕ ನಮ್ಮ ಕೂಸುಗಳು ಸಾಯಬೇಕೇನು?"

ಅವನು ಸುಳ್ಳಾಡುತ್ತಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದ ಸಿಟ್ಟು ಇಮ್ಮಡಿಸಿತು. ಎರಡೂರಿನ ಮಕ್ಕಳನ್ನು ಎದುರುಬದುರು ನಿಲ್ಲಿಸಿದ ವೀರೇಂದ್ರ ಮಾತ್ರ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದ.

"ನನಗ್ಯಾಕ ಬೈತಿ ಗದ್ದೆಪ್ಪಣ್ಣ? ಇವರನ್ನ ಕೇಳು. ನಾವು ಕೂಡಿದ್ದು ದರಾ ಇಳಸಾಕ, ನೀರು ಒಂದ ಮಾಡಾಕಲ್ಲ. ಮಾರಾಂವ ಒಬ್ಬನ, ಚೌಕಾಶಿ ಒಂದ. ನಿಮಗ ರಾಡಿ ಸೋಸೋದು, ನಮಗ ಫ್ಲೋರೈಡ್ ತಗಿಯೋದು ಅಂತ ಕೇಳಾಕ ಇವರ ಬಾಯಿಗೆ ಏನಾಗಿತ್ತು?"

"ಎರಡು ನಮೂನಿ ಅಂದ್ರ ಕೊಟೇಶನ್ ಮತ್ತ ಮೊದಲಿಂದ ಕರೀಬೇಕ್ರಿ," ಎಂದ ವೀರೇಂದ್ರ. "ಸರಾಸರಿ ತಗದ್ರ ಕೆಲಸ ಸಲೀಸು ಅಂತ…"

ಗದ್ದೆಪ್ಪ ಲೋಟ ಕೆಳಗಿಟ್ಟ. "ವರದಿ ಬಂದು ಎಷ್ಟು ದಿನಾತ್ರಿ?"

"ಎರಡು ತಿಂಗಳು."

"ಎರಡು ತಿಂಗಳು! ಆವಾಗ ಕರೆದಿದ್ರ ಎರಡೂ ನಮೂನಿ ಮಷಿನ್ ಬಂದು ಕುಂದರ್ತಿದ್ವಲ್ರಿ!"

ವೀರೇಂದ್ರ ಠರಾವು ಬರೆಯತೊಡಗಿದ: ಗುರುಗುಂಟಾದವರ ಅಸಮ್ಮತಿಯಿಂದ ಖರೀದಿ ನಿಂತಿದೆ.

"ಅದಕ್ಕ ನಾ ಸಹಿ ಮಾಡಂಗಿಲ್ಲ," ಎಂದಳು ಅಮರೇಶ್ವರಿ. "ಮೂರು ನೀರು ಕೂಡಿಸಿ ಭಾಗಿಸಿ ತಪ್ಪು ಮಷಿನ್ ಆರಿಸಿದ್ದಕ್ಕ ನಿಂತದ, ಎರಡು ನಮೂನಿಗೆ ಹೊಸಾ ಕೊಟೇಶನ್ ಕರೀಬೇಕು ಅಂತ ಬರೀರಿ."

"ಬರೀರಿ," ಎಂದ ಗದ್ದೆಪ್ಪನೂ.

ಬರೆದಾದ ಮೇಲೆ ಮೊದಲು ಗದ್ದೆಪ್ಪನೇ ಕಾಗದ ಎಳೆದುಕೊಂಡು ಸಹಿ ಮಾಡಿದ. ಅವಳ ಮುಖ ನೋಡಲಿಲ್ಲ.

"ಅಲ್ಲೀತನಕ ನಮ್ಮ ಹುಡುಗ್ರು ಅದ ರಾಡಿ ಕುಡೀಬೇಕು."

"ನಮ್ಮವೂ ಅದ ಬೋರಿನ ನೀರು ಕುಡೀತಾವಣ್ಣ," ಎಂದು ಅಮರೇಶ್ವರಿ ಪೆನ್ನು ಕಸಿದುಕೊಂಡಳು.