ಎರಡನೇ ಸೇತುವೆಯ ಮೇಲಿನ ನೀರು

ಟೊಯೊಜಿಗೆ ಹೊಳೆ ಬಿಡಿಸಿದವನು ನಾನು. ಊರಿನಲ್ಲಿ ಇದು ಯಾರಿಗೂ ಗೊತ್ತಿಲ್ಲ. ಹದಿನಾಲ್ಕು ವರ್ಷ ಆ ಮುದುಕನ ಚೀಲ ಹೊತ್ತು ಗೈಡ್ ಕೆಲಸ ಕಲಿತವನು ನಾನು, ಹಾಗಾಗಿ ನನ್ನ ಮೇಲೆ ಯಾರ ಕಣ್ಣೂ ಬೀಳಲಿಲ್ಲ.

ಕಿಸೊ ಬೆಟ್ಟಗಳ ನಮ್ಮ ಹಿನೊಸಾವಾ ಹೊಳೆಗೆ ಅಮಾಗೊ ಹಿಡಿಯಲು ನಗೋಯಾದಿಂದ, ಟೋಕಿಯೊದಿಂದ ಗಿರಾಕಿಗಳು ಬರುತ್ತಾರೆ. ಮೈಮೇಲೆ ಕೆಂಪು ಚುಕ್ಕೆಗಳಿರುವ ಟ್ರೌಟ್ ಅದು. ಹುಳ ಹಾಕಿ ಹಿಡಿಯುವುದಲ್ಲ. ಗಾಳಕ್ಕೆ ಕೋಳಿಗರಿ ಸುತ್ತಿ ಮಾಡಿದ ಹುಸಿನೊಣವನ್ನು ನೀರಿಗೆ ಬಿಟ್ಟು ಹಿಡಿಯುವುದು. ಗಿರಾಕಿಗಳನ್ನು ಕರೆದೊಯ್ಯುವ ಗೈಡ್‌ಗೆ ಹೊಳೆ ಸಂಘದವರು ಹಸಿರು ತೋಳಪಟ್ಟಿ ಕೊಡುತ್ತಾರೆ. ಎರಡನೇ ಸೇತುವೆಯಿಂದ ಮೇಲಕ್ಕಿರುವ ನೀರಿಗೆ ಇರುವುದು ಒಂದೇ ಪಟ್ಟಿ. ಮೂವತ್ತೊಂದು ವರ್ಷದಿಂದ ಅದು ಟೊಯೊಜಿಯ ತೋಳಿನಲ್ಲಿತ್ತು. ನಾನು ಸೇತುವೆಯಿಂದ ಕೆಳಗಿನ ನೀರಿನಲ್ಲಿ, ಸಂಘದವರು ತೊಟ್ಟಿಯಲ್ಲಿ ಸಾಕಿ ಬಿಟ್ಟ ಪೆದ್ದ ಮೀನುಗಳನ್ನು ಪ್ರವಾಸಿಗಳಿಗೆ ಹಿಡಿಸಿಕೊಡುತ್ತಾ ಬಿದ್ದಿದ್ದೆ.

ಗಿರಾಕಿಗಳ ಮುಂದೆ ನನ್ನನ್ನು ಹಂಗಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. "ಇವನ್ನ ನೋಡಿ ಸ್ವಾಮಿ, ಹದಿನಾಲ್ಕು ವರ್ಷ ಕಲಿಸ್ದೆ. ಇನ್ನೂ ಕರಡಿ ಇಳಿದ ಹಾಗೆ ನೀರಿಗಿಳೀತಾನೆ!" ಅವರು ನಗುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ.

ಈ ವರ್ಷ ಮಾರ್ಚ್ ಒಂದರಂದು, ದಡದಲ್ಲಿ ಇನ್ನೂ ಮೊಣಕಾಲುದ್ದ ಹಿಮ ಇರುವಾಗ, ಹೊಳೆ ತೆರೆಯುವ ದಿನದ ಊಟಕ್ಕೆ ಎಲ್ಲರೂ ಸಂಘದ ಚಾವಣಿಯಡಿ ಕೂತಿದ್ದೆವು. ಧೈರ್ಯ ಮಾಡಿ ಕೇಳಿದೆ: "ಗುರುಗಳೇ, ವಾರಕ್ಕೊಂದು ದಿನ ಮೇಲಿನ ನೀರು ನನಗೆ ಬಿಟ್ಕೊಡ್ತೀರಾ?"

ಅವನು ಮಿಸೊ ಸಾರನ್ನು ಊದಿ ಊದಿ ಕುಡಿದು ಬಟ್ಟಲು ಕೆಳಗಿಟ್ಟ. "ನಾನು ಸತ್ತ ಮೇಲೆ ಬಾರೋ, ಮೊರಿಯೊ. ಆಗ್ಲೂ ಮೊದಲು ಮೀನುಗಳನ್ನ ಕೇಳು, ನಿನ್ನ ಮುಖ ನೋಡಕ್ಕೆ ಅವಕ್ಕೆ ಇಷ್ಟ ಇದ್ಯಾ ಅಂತ."

ಸಾರು ಬಡಿಸುತ್ತಿದ್ದವಳು ನನ್ನ ಹೆಂಡತಿ. ಎಲ್ಲರೂ ನಕ್ಕರು; ಅವಳು ಮಾತ್ರ ತಲೆ ತಗ್ಗಿಸಿ ಮುಂದಿನ ಬಟ್ಟಲಿಗೆ ಹೋದಳು. ಅವತ್ತೇ ತೀರ್ಮಾನ ಮಾಡಿದೆ.

ಮೀನೇ ಸಿಗದೆ ವಾಪಸಾದವನನ್ನು ನಮ್ಮಲ್ಲಿ ಸನ್ಯಾಸಿ ಅನ್ನುತ್ತಾರೆ. ಒಂದು ವರ್ಷದಲ್ಲಿ ಮೂರು ಸಲ ಗಿರಾಕಿಯನ್ನು ಸನ್ಯಾಸಿ ಮಾಡಿದ ಗೈಡ್ ಪಟ್ಟಿ ಬಿಚ್ಚಿಡಬೇಕು. ತನಗಾಗದ ಯಾರನ್ನೋ ಓಡಿಸಲು ಈ ನಿಯಮ ತಂದವನು ಟೊಯೊಜಿಯೇ. ತನಗೇ ಅದು ಬರುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಅಮಾಗೊ ಒಮ್ಮೆ ಮನುಷ್ಯನ ಕಾಲು ಕಂಡರೆ ಕಲ್ಲಿನಡಿ ಸೇರಿ ಅರ್ಧ ದಿನ ಹೊರಗೆ ಬರುವುದಿಲ್ಲ. ಅದಕ್ಕೇ ನಮ್ಮ ಹೊಳೆಯಲ್ಲಿ ಎಲ್ಲರೂ ಕೆಳಗಿನಿಂದ ಮೇಲಕ್ಕೆ, ಮೀನಿನ ಬೆನ್ನ ಹಿಂದಿನಿಂದ ನಡೆಯುತ್ತಾರೆ, ಮುಂದೆ ಹೋದವನನ್ನು ಹಿಂದಿನವನು ದಾಟುವುದಿಲ್ಲ. ಕದ್ದು ಮುಂದೆ ಹೋಗಿ ನೀರು ತುಳಿದವನ ಮನೆಯ ಸಾವಿಗೂ ನಾವು ಹೋಗುವುದಿಲ್ಲ.

ನಾನು ತುಳಿದೆ. ಮೇ ತಿಂಗಳಲ್ಲಿ, ನೀರಿನಿಂದ ನೊಣಗಳೇಳುವ ಕಾಲ, ಮುದುಕ ಒಬ್ಬ ಹಲ್ಲಿನ ಡಾಕ್ಟರನ್ನು ಕರೆದೊಯ್ಯುವವನಿದ್ದ. ಬೆಳಕು ಹರಿಯುತ್ತಲೇ ಮರ ಕಡಿಯುವವರ ದಾರಿಯಿಂದ ಮೇಲಕ್ಕೆ ಹೋಗಿ, ಒಂದೊಂದು ಮಡುವನ್ನೂ ಕಾಲಿನಿಂದ ಕಲಕುತ್ತಾ ನಡೆದೆ. ಕಲ್ಲಿನ ಮೇಲೆ ಒದ್ದೆ ಹೆಜ್ಜೆ ಉಳಿಯಬಾರದೆಂದು ನೀರಿನೊಳಗೇ ನಡೆದು, ಕೊನೆಗೆ ಗುಡ್ಡ ಹತ್ತಿಕೊಂಡು ಮನೆಗೆ ಬಂದೆ. ಸಂಜೆ ಅವರಿಬ್ಬರೂ ಬರಿಗೈಯಲ್ಲಿ ಇಳಿದರು.

"ಏನ್ ಗುರುಗಳೇ, ಡಾಕ್ಟ್ರಿಗೆ ಸನ್ಯಾಸ ಕೊಡ್ಸಿದ್ರಾ?"

"ಹೋಗೋ, ಹಿಮದ ನೀರು ಇನ್ನೂ ಇಳೀತಿದೆ," ಎಂದು ಅವನು ನಕ್ಕ.

ಜುಲೈನಲ್ಲಿ, ಮಳೆ ನಿಂತು ಹೊಳೆ ತಿಳಿಯಾದ ಮೇಲೆ, ಇನ್ನೊಮ್ಮೆ ಹೋದೆ. ಆ ಸಂಜೆ ಅವನು ನಗಲಿಲ್ಲ. ಗಿರಾಕಿಗೆ ಸಿಗದಾಗ ಕೋಲನ್ನು ತಾನೇ ತೆಗೆದುಕೊಂಡು ಬೀಸಿದ್ದನಂತೆ, ಆಗಲೂ ಒಂದೂ ಸಿಕ್ಕಿರಲಿಲ್ಲ. ಬೆಂಚಿನ ಮೇಲೆ ಕೂತು ಬಲಗೈ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದ. ಆಮೇಲೆ ನನ್ನನ್ನು ಹಂಗಿಸುವುದನ್ನೂ ಬಿಟ್ಟ. ಖುಷಿಯಾಗಬೇಕಿತ್ತು ನನಗೆ, ಆಗಲಿಲ್ಲ. ಇಷ್ಟು ಸುಲಭವಾಗಿ ಮೆತ್ತಗಾಗುವವನು ಇಷ್ಟು ವರ್ಷ ಯಾಕೆ ನನ್ನನ್ನು ಅರೆದ ಎಂದು ಇನ್ನಷ್ಟು ಸಿಟ್ಟು ಬಂತು.

ಆಗಸ್ಟ್ ಕೊನೆಗೆ ಮೂರನೆಯದೂ ಮುಗಿಯಿತು. ಯಾರೂ ಕೇಳುವ ಮೊದಲೇ ಅವನು ಸಂಘದ ಕಚೇರಿಗೆ ಬಂದು, ಪಟ್ಟಿ ಬಿಚ್ಚಿ, ನೀಟಾಗಿ ಮಡಚಿ ಮೇಜಿನ ಮೇಲಿಟ್ಟ. "ಕೈ ಹೋಯ್ತು ನಂದು. ಮೊರಿಯೊಗೆ ಕೊಡಿ," ಎಂದಷ್ಟೇ ಹೇಳಿದ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು.

ಸೆಪ್ಟೆಂಬರ್ ಮೂವತ್ತು, ಹೊಳೆ ಮುಚ್ಚುವ ದಿನ, ಬೆಳಿಗ್ಗೆ ಅವನು ನನ್ನ ಮನೆ ಬಾಗಿಲಲ್ಲಿ ನಿಂತಿದ್ದ. ಹೊರಗಿನವರು ಮೀನು ಹಿಡಿಯಲು ಕೊಳ್ಳುವ ಒಂದು ದಿನದ ಚೀಟಿಯನ್ನು ಟೋಪಿಗೆ ಸಿಕ್ಕಿಸಿಕೊಂಡಿದ್ದ.

"ಮೊರಿಯೊ ಅವರೇ, ಇವತ್ತು ನನ್ನ ಮೇಲಕ್ಕೆ ಕರ್ಕೊಂಡು ಹೋಗ್ತೀರಾ?" ಎಂದ. ಅವನ ಬಾಯಲ್ಲಿ ನನಗೆ ಬಹುವಚನ ಬಂದದ್ದು ಅದೇ ಮೊದಲು. "ಒಂದೇ ಒಂದು ಮೀನು ಸಾಕು. ಕೈ ನಿಜವಾಗ್ಲೂ ಹೋಗಿದ್ಯೋ ಇಲ್ವೋ ಗೊತ್ತಾಗ್ಬೇಕು. ಅದು ಗೊತ್ತಾಗ್ದೆ ಈ ಚಳಿಗಾಲ ಕಳೆಯಕ್ಕಾಗಲ್ಲ ನನಗೆ."

"ಬನ್ನಿ, ಅದಕ್ಕೇನಂತೆ," ಎಂದೆ.

ಅವತ್ತು ನಮ್ಮ ಮುಂದೆ ಯಾರೂ ನಡೆದಿರಲಿಲ್ಲ. ನೀರು ತಿಳಿಯಾಗಿತ್ತು, ಮೀನುಗಳು ಮೊಟ್ಟೆಯಿಡುವ ಕಾಲಕ್ಕೆ ಬಣ್ಣಗಟ್ಟಿ ಮಡುವಿನ ಬಾಯಲ್ಲೇ ನಿಂತಿದ್ದವು. ಮುದುಕ ಗಾಳದ ಕೋಲು ಬೀಸಿದ. ನೊಣ ನೀರಿಗೆ ತಾಗಿದ್ದೂ ತಿಳಿಯಲಿಲ್ಲ. ಅಷ್ಟು ಹಗುರವಾಗಿ ನಾನು ಇವತ್ತಿಗೂ ಹಾಕಲಾರೆ.

ಆದರೆ ಎಪ್ಪತ್ತಮೂರರ ಆ ಕಣ್ಣಿಗೆ ನೀರೊಳಗಿನ ನೊಣ ಕಾಣುತ್ತಿರಲಿಲ್ಲ. ಕಾಣದ ಗಿರಾಕಿಗೆ ಗೈಡೇ ಕಣ್ಣು. ಪಕ್ಕದಲ್ಲಿ ಬಗ್ಗಿ ನಿಂತು, ಮೀನು ಬಾಯಿ ತೆರೆದ ಕ್ಷಣ "ಎತ್ತಿ!" ಎನ್ನಬೇಕು. ಉಸಿರೆಳೆಯುವಷ್ಟು ಹೊತ್ತು ತಡವಾದರೂ ಮೀನು ಗರಿಯ ರುಚಿ ಕಂಡು ಉಗಿದುಬಿಡುತ್ತದೆ.

ಮೊದಲ ಮಡುವಿನಲ್ಲೇ ಗೇಣುದ್ದದ ಮೀನೊಂದು ತಿರುಗಿತು. ಬಿಳಿ ಬಾಯಿ ತೆರೆಯಿತು, ಮುಚ್ಚಿತು, ಉಗಿಯಿತು. ನಾನು ಸುಮ್ಮನಿದ್ದೆ.

"ಬಂತಾ?"

"ಇಲ್ಲ."

ಮಧ್ಯಾಹ್ನದೊಳಗೆ ಏಳು ಮೀನು ಬಂದವು. ಏಳು ಸಲ ಕೇಳಿದ, ಏಳು ಸಲ ಇಲ್ಲವೆಂದೆ. ಒಂದು ಮೀನು ಸಿಕ್ಕರೂ ಕೈ ಚೆನ್ನಾಗಿದೆಯೆಂದು ಅವನಿಗೆ ಗೊತ್ತಾಗಿಬಿಡುತ್ತಿತ್ತು. ಹಾಗಾದರೆ ನೀರು ಕೆಡಿಸಿದ್ದು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ಆ ಭಯ ಇತ್ತು. ಆದರೆ ಭಯವೊಂದೇ ಎಂದರೆ ಸುಳ್ಳಾಗುತ್ತದೆ. ಮೂರನೆಯ ಮೀನಿನ ಹೊತ್ತಿಗೆ ನನಗೆ ಅದು ಹಿತವಾಗತೊಡಗಿತ್ತು.

ಕೊನೆಯ ಮಡುವಿನಲ್ಲಿ ದಾರ ಸುತ್ತಿ, ಕೋಲನ್ನು ಬಟ್ಟೆಯ ಚೀಲದೊಳಗೆ ಸೇರಿಸಿ ಕಟ್ಟಿದ. ಆಮೇಲೆ ನನ್ನೆದುರು ಜಲ್ಲಿಕಲ್ಲಿನ ಮೇಲೆ ಮಂಡಿಯೂರಿ ಹಣೆಯನ್ನು ನೆಲಕ್ಕೆ ಹಚ್ಚಿದ.

"ಅಯ್ಯೋ, ಏಳಿ, ಏನಿದು ಗುರುಗಳೇ?"

"ನಿಮ್ಮ ಮೇಲೆ ಅನುಮಾನ ಪಟ್ಟಿದ್ದೆ," ಎಂದ ತಲೆಯೆತ್ತದೆ. "ನೀವೇ ಮುಂದೆ ಹೋಗಿ ನೀರು ತುಳಿದಿರ್ಬೇಕು ಅಂದ್ಕೊಂಡಿದ್ದೆ. ನನ್ನ ಹೆಂಡ್ತಿ ಹತ್ರಾನೂ ಹೇಳ್ಬಿಟ್ಟಿದ್ದೆ. ಇವತ್ತು ಗೊತ್ತಾಯ್ತು, ಹೋಗಿರೋದು ನನ್ನ ಕೈಯೇ. ಇಂಥಾ ಕೆಟ್ಟ ಮಾತು ಆಡಿದ್ದಕ್ಕೆ ಕ್ಷಮಿಸಿಬಿಡಿ."

ನಮ್ಮಲ್ಲಿ ಎದುರಿನವನು ಉತ್ತರ ಕೊಡುವ ತನಕ ಹಾಗೆ ಬಾಗಿದವನು ಏಳುವಂತಿಲ್ಲ. ಬಿಸಿಲಿಗೆ ಕಂದಿದ ಅವನ ಕತ್ತು ನನ್ನ ಕಣ್ಣೆದುರಿಗಿತ್ತು. ಸ್ವಲ್ಪ ಹೊತ್ತು ಕಾಯಿಸಿದೆ.

"ಇರ್ಲಿ ಬಿಡಿ, ವಯಸ್ಸಾದ ಮೇಲೆ ಏನೇನೋ ಅನ್ನಿಸತ್ತೆ," ಎಂದು ಹೇಳಿ ಅವನನ್ನು ಕ್ಷಮಿಸಿದೆ.