ಯು, ಆರ್, ಐ

ಮನೆಯವರೆಲ್ಲ ತಂಗಿಗೆ ಇಟ್ಟ ಅಡ್ಡಹೆಸರು ಡಿಕ್ಷನರಿ. ಬಸ್ಸಿನಲ್ಲಿ ಕೂತಿದ್ದರೂ ಸರಿ, ಒಲೆಯ ಮೇಲೆ ಹಾಲಿಟ್ಟಿದ್ದರೂ ಸರಿ, ಮೂರು ಅಕ್ಷರ ಕೊಟ್ಟು ಅವು ಬರುವ ಇಂಗ್ಲಿಷ್ ಪದ ಹುಡುಕು ಅನ್ನುವ ಫೋನಿನ ಆಟ ಅವಳಿಗೆ ಬೇಕೇ ಬೇಕು. ಹಾಲು ಎಷ್ಟು ಸಲ ಉಕ್ಕಿ ಹೋಯಿತೋ, ಪದ ಮಾತ್ರ ಒಂದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಹೀಗಾಗಿ ಗಂಟಲಿನ ಆಪರೇಷನ್ ಆದ ಅಕ್ಕನ ಪಕ್ಕ ಕೂರಲು ಅವಳೇ ತಕ್ಕವಳು ಎಂದು ಎಲ್ಲರೂ ಒಪ್ಪಿದರು.

ಅಕ್ಕನ ಬಾಯಲ್ಲಿ ನಳಿಕೆ. ಮಂಪರಿನಲ್ಲಿ ಅದನ್ನು ಕೀಳಲು ಹೋದಳೆಂದು ಎರಡೂ ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿ, ಮೇಲೆ ಹೊದಿಕೆ ಎಳೆದಿದ್ದರು. ಎಡಗೈಗೆ ಡ್ರಿಪ್. ಅಕ್ಕ ಎಡಚಿ, ಟೈಲರ್ ಅಂಗಡಿಯಲ್ಲಿ ಆ ಎಡಗೈ ಕತ್ತರಿ ಹಿಡಿದರೆ ಬಟ್ಟೆ ತಾನಾಗಿ ದಾರಿ ಬಿಡುತ್ತಿತ್ತು. ಈಗ ಮಾತಿಗೆ ಉಳಿದದ್ದು ಕಣ್ಣೊಂದೇ. ವಾರ್ಡಿನಲ್ಲಿದ್ದ ಇಂಗ್ಲಿಷ್ ಅಕ್ಷರಗಳ ರಟ್ಟಿನ ಮೇಲೆ ತಂಗಿ ಬೆರಳಾಡಿಸಬೇಕು, ಬೇಕಾದ ಅಕ್ಷರ ಬಂದಾಗ ಅಕ್ಕ ರೆಪ್ಪೆ ಬಡಿಯಬೇಕು.

ಅಕ್ಕ ಬಡಿದಳು. ಯು. ಆರ್. ಐ. ಅಷ್ಟಕ್ಕೇ ನಿಲ್ಲಿಸಿ ತಂಗಿಯನ್ನೇ ದಿಟ್ಟಿಸಿದಳು.

“ಯೂರಿನ್ನಾ ಅಕ್ಕಾ?” ತಂಗಿ ಗೆದ್ದವಳಂತೆ ಕೇಳಿದಳು.

ನರ್ಸ್ ಬಂದು, “ಅದಕ್ಕೆ ಬೇರೆ ಪೈಪ್ ಹಾಕಿದೀವಲ್ಲ,” ಅಂದು ಹೋದಳು. ಅಕ್ಕನ ಕಣ್ಣು ಎಡಕ್ಕೆ ವಾಲಿತು. ತಂಗಿ ತಿರುಗಿ ನೋಡಿದರೆ ಅಲ್ಲಿ ಕಿಟಕಿ. ಬಿಸಿಲು ಚುಚ್ಚುತ್ತಿರಬೇಕೆಂದು ಪರದೆ ಎಳೆದಳು. ಮತ್ತೆ ಅದೇ ಯು, ಆರ್, ಐ. “ನೋವಾ?” ಅಂದದ್ದಕ್ಕೆ ರೆಪ್ಪೆ ಪಟಪಟ ಬಡಿಯಿತು.

“ಗಂಟಲು ಕೊಯ್ದಿದಾರೆ, ನೋಯದೆ ಇರುತ್ತಾ?” ಎನ್ನುತ್ತ ಮರಳಿ ಬಂದ ನರ್ಸ್, ಡ್ರಿಪ್‌ನೊಳಕ್ಕೆ ನೋವಿನ ಔಷಧಿ ಬಿಟ್ಟಳು. ಅಕ್ಕನ ಹಣೆಯಲ್ಲಿ ಬೆವರೊಡೆಯಿತು. ಕಣ್ಣೀರು ಕಿವಿಯವರೆಗೆ ಇಳಿಯಿತು.

ತಂಗಿ ಫೋನ್ ತೆಗೆದು ಮೂರೂ ಅಕ್ಷರ ಒತ್ತಿದಳು. ಟೂರಿಸ್ಟ್, ಕ್ಯೂರಿಯಸ್, ಸೆಕ್ಯುರಿಟಿ... ಒಂದೊಂದನ್ನೇ ಓದಿ ಹೇಳಿದಳು. ಅಕ್ಕನ ರೆಪ್ಪೆ ಅಲುಗಲಿಲ್ಲ. ಕೆಳಗೆ ಇನ್ನೊಂದಿತ್ತು. ಬರಿಯಲ್. ಹೂಳುವುದು. ಅದನ್ನು ಓದಿ ಹೇಳದೆ ಫೋನ್ ಮುಚ್ಚಿಟ್ಟಳು. ಅಕ್ಕನಿಗೆ ತಾನು ಉಳಿಯುವುದಿಲ್ಲ ಅನ್ನಿಸಿಬಿಟ್ಟಿತೇ? ತಂಗಿ ಎದ್ದು ಹೊರಬಂದಳು.

ಬಾಗಿಲಾಚೆ ಬೆಂಚಿನ ಮೇಲೆ ಭಾವ ಕೂತಿದ್ದ. ಊಟ ಆಯ್ತಾ ಎಂದು ಕೇಳುವುದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟಿ ಹೆಂಡತಿಗೆ ಕಳಿಸುವ ಆಸಾಮಿ. ಅಕ್ಕನ ಉತ್ತರವೂ ಅದೇ ಜಾತಿಯದು. ಆ ಕಾಗುಣಿತ ನೋಡಿ ತಂಗಿ ಹೊಟ್ಟೆ ಹಿಡಿದು ನಕ್ಕಿದ್ದಕ್ಕೆ ಲೆಕ್ಕವಿಲ್ಲ.

“ಭಾವ, ಅಕ್ಕ ಸಾವಿನ ಮಾತಾಡ್ತಿದಾಳೆ,” ಎಂದು ಅಳುತ್ತಲೇ ಮೂರು ಅಕ್ಷರ ಹೇಳಿದಳು.

“ನಿಮ್ಮಕ್ಕನಿಗೆ ಅಷ್ಟೆಲ್ಲ ಇಂಗ್ಲಿಷ್ ಯಾವಾಗ ಬಂತೇ?” ಭಾವ ಗಾಳಿಯಲ್ಲಿ ಬೆರಳಾಡಿಸಿದ. “ಯು ಅಂದ್ರೆ ಉ. ಆರ್, ಐ ಸೇರಿದ್ರೆ ರಿ. ಅಯ್ಯೋ, ಉರಿ ಅಂತಿದಾಳೆ ಕಣೇ!”

ತಂಗಿ ಓಡಿದಳು. ಹೊದಿಕೆ ಎಳೆದು ಬಿಸಾಡಿದರೆ ಎಡಗೈ ಮೊಣಕೈವರೆಗೂ ಊದಿ ಕೆಂಪೇರಿತ್ತು. ಸೂಜಿ ನರ ತಪ್ಪಿ, ಔಷಧಿಯೆಲ್ಲ ಮಾಂಸಕ್ಕೆ ಇಳಿಯುತ್ತಿತ್ತು. ನೋವಿಗೆಂದು ಬಿಟ್ಟದ್ದೂ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗಿತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಮ್ಮ ಡಿಕ್ಷನರಿ ಇಂಗ್ಲಿಷನ್ನೆಲ್ಲ ಜಾಲಾಡಿ ಬಂದಿದ್ದಳು.

ನರ್ಸ್ ಸೂಜಿ ತೆಗೆದಳು. ಡಾಕ್ಟರ್ ಬಂದು ಕೈ ಒತ್ತಿ ನೋಡಿ, “ಬೆರಳು ಆಡಿಸಮ್ಮ,” ಅಂದರು. ಆಡಲಿಲ್ಲ. ಮತ್ತೆ ಅಂದರು. ತಂಗಿಗೆ ಅಂಗಡಿಯ ಕತ್ತರಿ ಕಣ್ಣಿಗೆ ಕಟ್ಟಿತು. ಇನ್ನು ಅದನ್ನು ಹಿಡಿಯುವವರಾರು? ಆಗ ಕಿರುಬೆರಳು ಕೊಂಕಿತು, ಅದರ ಹಿಂದೆ ಹೆಬ್ಬೆರಳು.

“ಕೈ ಉಳೀತು. ಇನ್ನೂ ಸ್ವಲ್ಪ ತಡ ಆಗಿದ್ರೆ ಹೇಳೋಕಾಗ್ತಿರಲಿಲ್ಲ,” ಎಂದು ಡಾಕ್ಟರ್ ಹೋದರು.

ತಂಗಿ ಮತ್ತೆ ರಟ್ಟು ಹಿಡಿದಳು. ಡಿ. ಎ. ಡಿ. ಡಿ. ಡ್ಯಾಡಿಯೇ? ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಕ್ಕನ ಕಣ್ಣಿಗೆ ಅಪ್ಪ ಕಾಣುತ್ತಿದ್ದಾರೆಯೇ, ಬಾ ಎಂದು ಕರೆಯುತ್ತಿದ್ದಾರೆಯೇ?

“ಹೋಗ್ಬೇಡ ಅಕ್ಕಾ,” ಎಂದು ಗೋಳಿಟ್ಟಳು.

ಅಕ್ಕ ಕಾದಳು. ಅಳುತ್ತಳುತ್ತಲೇ ತಂಗಿಯ ಬೆರಳು ಐ ಮೇಲೆ ಬಂದಾಗ ನಿಧಾನವಾಗಿ ರೆಪ್ಪೆ ಬಡಿದಳು.

ಈ ಸಲ ತಂಗಿ ಭಾವನ ಕಾಗುಣಿತದಲ್ಲೇ ಓದಿದಳು. ದಡ್ಡಿ.